ಜಾಲೆಂ ಅನ್ನುವ ತನಕ

ಕುವೈತಿನ ಮೈದಾನ್ ಹವಲ್ಲಿಗೆ ಬಂದರೆ ನಮ್ಮ ಫ್ಲ್ಯಾಟ್ ಯಾವುದೆಂದು ನೀವು ಯಾರನ್ನೂ ಕೇಳಬೇಕಾಗಿಲ್ಲ. ಹಮೀದಾಕನ ದಿನಸಿ ಅಂಗಡಿಯ ಎದುರು ನಿಂತು ತಲೆ ಎತ್ತಿದರೆ ಸಾಕು. ಎಲ್ಲರ ಬಾಲ್ಕನಿಯಲ್ಲೂ ಬಟ್ಟೆಗಳು ನೀಲಿ, ಹಸಿರು ಪ್ಲಾಸ್ಟಿಕ್ ಹಗ್ಗದ ಮೇಲೋ ಸ್ಟೀಲಿನ ಸ್ಟ್ಯಾಂಡಿನ ಮೇಲೋ ಒಣಗುತ್ತಿರುತ್ತವೆ. ಒಂದು ಬಾಲ್ಕನಿಯಲ್ಲಿ ಮಾತ್ರ ಹೆಬ್ಬೆರಳಿಗಿಂತ ದಪ್ಪದ, ಮೈತುಂಬ ರೋಮವಿರುವ ಕಂದು ಹುರಿಹಗ್ಗವೊಂದು ಈ ಗೋಡೆಯಿಂದ ಆ ಗೋಡೆಗೆ ಬಿಗಿದಿರುತ್ತದೆ. ಅದು ದೋಣಿ ಎಳೆಯಲೆಂದು ಹೊಸೆದ ಹಗ್ಗ. ಅದರ ಮೇಲೆ ನನ್ನ ಎರಡು ಬನಿಯನ್ನುಗಳು ಸಂಕೋಚದಿಂದ ನೇತಾಡುತ್ತಿದ್ದರೆ ಅದೇ ನಮ್ಮ ಮನೆ. ಒಳಗೆ ಬನ್ನಿ, ಚಹಾ ಕುಡಿದು ಹೋಗಬಹುದು.

ನನ್ನ ಹೆಂಡತಿ ಹಿಲ್ಡಾಗೆ ಈ ಹಗ್ಗವನ್ನು ಕಂಡರೆ ಆಗುತ್ತಿರಲಿಲ್ಲ. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಅವಳು ಸಿಸ್ಟರ್. ಬಿಳಿ ಯೂನಿಫಾರ್ಮಿಗೆ ನಾರಿನ ಚೂರು ಅಂಟಿದರೆ ಯಾವ ಸಿಸ್ಟರಿಗೆ ತಾನೇ ಸಹನೆಯಾದೀತು? ಕಟ್ಟಡ ನೋಡಿಕೊಳ್ಳುವ ಈಜಿಪ್ಟಿನ ಹಾರಿಸ್ ಒಮ್ಮೆ ಮೇಲೆ ಬಂದು, ಹಗ್ಗವನ್ನು ಮುಟ್ಟಿ, ಎಳೆದು ನೋಡಿ, ಇಲ್ಲಿಗೆ ಹಡಗು ಯಾವಾಗ ಬರುತ್ತದೆ ಎಂದು ಕೇಳಿ ಹೋಗಿದ್ದ. ಈಗ ಅದೇ ಹಗ್ಗಕ್ಕೆ ನಮ್ಮ ಮನೆಯಲ್ಲಿ ರಾಜಮರ್ಯಾದೆ. ಹಿಲ್ಡಾ ತಾನೇ ಅದರ ಧೂಳು ಕೊಡವುತ್ತಾಳೆ. ಅದು ಹೇಗಾಯಿತು ಎನ್ನುವುದನ್ನು ಹೇಳಲೇಬೇಕು, ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ.

ಹಗ್ಗ ಬರುವುದು ಸೆರ್ಫಿನ್ ಮಾವ್ಶಿಯಿಂದ. ನನ್ನ ತಾಯಿಯ ತಂಗಿ. ಬೇರೆಯವರಿಗೆ ಊರಿನಿಂದ ಉಪ್ಪಿನಕಾಯಿ ಬರುತ್ತದೆ, ಒಣಸಿಗಡಿ ಬರುತ್ತದೆ, ಹಲಸಿನ ಹಪ್ಪಳ ಬರುತ್ತದೆ. ನನಗೆ ಹಗ್ಗ ಬರುತ್ತದೆ. "ಪುತಾ, ಅಲ್ಲಿ ಒಳ್ಳೆ ಹಗ್ಗ ಸಿಗ್ಲಿಕ್ಕಿಲ್ಲ ಅಲ್ವಾ" ಎಂದು ಅವಳ ಕಾಳಜಿ. ಒಮ್ಮೆ ವಿಮಾನ ನಿಲ್ದಾಣದಲ್ಲಿ ನನ್ನ ಬ್ಯಾಗಿನಿಂದ ಈ ಹಗ್ಗದ ಸುರುಳಿಯನ್ನು ಹೊರಗೆಳೆದ ಅಧಿಕಾರಿ, ಇದೇನು ಎಂದು ಕೇಳಿದ. ಬಟ್ಟೆ ಒಣಗಿಸಲು ಎಂದೆ. ಅವನು ಹಗ್ಗವನ್ನು ನೋಡಿದ, ನನ್ನ ಹೊಟ್ಟೆಯನ್ನು ನೋಡಿದ, ಇಷ್ಟು ದೊಡ್ಡ ಬಟ್ಟೆ ಇರಲೂಬಹುದು ಎಂದುಕೊಂಡು ಬಿಟ್ಟುಬಿಟ್ಟ.

ಮಾವ್ಶಿ ಇರುವುದು ಮಡಲುಕುದ್ರುವಿನಲ್ಲಿ. ನಾನು ಹುಟ್ಟಿದ್ದೂ ಅಲ್ಲೇ. ಕುದ್ರು ಎಂದರೆ ಹೊಳೆಯ ನಡುವಿನ ನೆಲ. ನಮ್ಮ ಹೊಳೆ ಸಮುದ್ರ ಸೇರುವ ಮೊದಲು ಎರಡು ಕವಲಾಗಿ ಸುತ್ತಾಡಿ, ಮತ್ತೆ ಒಂದಾಗುತ್ತದೆ. ಆ ಎರಡು ಕವಲುಗಳ ಮಧ್ಯೆ ನಮ್ಮ ಊರು. ಈ ತುದಿಯಲ್ಲಿ ಯಾರಾದರೂ ಜೋರಾಗಿ ಸೀನಿದರೆ ಆ ತುದಿಯ ನಾಯಿ ಬೊಗಳುತ್ತದೆ, ಅಷ್ಟೇ ಉದ್ದ. ಒಂದು ಪುಟ್ಟ ಇಗರ್ಜಿ, ಒಂದು ದೈವದ ಗುಡಿ, ಸುತ್ತ ತೆಂಗು, ತೆಂಗಿನ ಸಿಪ್ಪೆ ಕೊಳೆಹಾಕುವ ಹೊಂಡಗಳು. ಆ ಹೊಂಡಗಳ ವಾಸನೆಯನ್ನು ಹೊರಗಿನವರು ಮೂಗು ಮುಚ್ಚಿಕೊಂಡು ದಾಟುತ್ತಾರೆ. ನಮಗೆ ಅದು ಮನೆಗೆ ಬಂದ ಗುರುತು. ಸುತ್ತಲೂ ನೀರು, ಕುಡಿಯಲು ಸಿಹಿ ನೀರಿನ ಬಾವಿ ಮಾತ್ರ ಒಂದೇ. ಆದ್ದರಿಂದ ಊರಿನ ಸುದ್ದಿಯೆಲ್ಲ ಅಲ್ಲೇ ಕೊಡ ತುಂಬಿಕೊಂಡು ಮನೆ ಮನೆಗೆ ಹೋಗುತ್ತಿತ್ತು.

ಗಡಿಯಾರಗಳು ಇದ್ದವು, ಆದರೆ ಯಾರೂ ಅವುಗಳ ಮಾತು ಕೇಳುತ್ತಿರಲಿಲ್ಲ. ಹೊಳೆಯ ಭರತ, ಇಳಿತವೇ ನಮ್ಮ ಗಡಿಯಾರ. ನೀರು ಇಳಿದಾಗ ಹೆಂಗಸರು ಕೆಸರಿನಲ್ಲಿ ಕಾಲಿನಿಂದ ತಡಕಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದರು. ನೀರು ಏರಿದಾಗ ಮದುವೆಗಳು ನಡೆಯುತ್ತಿದ್ದವು, ಯಾಕೆಂದರೆ ದಿಬ್ಬಣದ ದೋಣಿ ಬರಬೇಕಲ್ಲ. ಪಾದ್ರಿಗಳು ಪೂಜೆಗೆ ತಡವಾಗಿ ಬಂದರೆ ಯಾರೂ ಪಾದ್ರಿಗಳನ್ನು ಬೈಯುತ್ತಿರಲಿಲ್ಲ, ಚಂದ್ರನನ್ನು ಬೈಯುತ್ತಿದ್ದರು. ರಸ್ತೆಯೇ ಇಲ್ಲದ್ದರಿಂದ ನಾನು ಸೈಕಲ್ ಕಲಿಯಲಿಲ್ಲ. ಸೈಕಲ್ ಬಾರದವನಿಗೆ ಕಾರು ಹೇಗೆ ಬರಬೇಕು? ಕುವೈತಿನ ಡ್ರೈವಿಂಗ್ ಪರೀಕ್ಷೆಯಲ್ಲಿ ನಾನು ಮತ್ತೆ ಮತ್ತೆ ಫೇಲಾಗಿ, ಪರೀಕ್ಷೆ ಮಾಡುವವರಿಗೇ ನನ್ನ ಮೇಲೆ ಮಮತೆ ಹುಟ್ಟಿತ್ತು. ಈಗ ಕಾರು ಓಡಿಸುವವಳು ಹಿಲ್ಡಾ. ನಾನು ಪಕ್ಕದಲ್ಲಿ ಕೂತು, ದೋಣಿಯಲ್ಲಿ ಕೂತವರಂತೆ, ಆಚೆ ಈಚೆ ವಾಲದೆ ಸಮತೋಲನ ಕಾಯುತ್ತೇನೆ.

ಈಗ ಹಗ್ಗದ ವಿಷಯಕ್ಕೆ ಬರುತ್ತೇನೆ. ಕುದ್ರುವಿಗೆ ಏನು ಬಂದರೂ ದೋಣಿಯಲ್ಲೇ ಬರಬೇಕು. ಹಂಚು, ಸಿಮೆಂಟು, ಗ್ಯಾಸ್ ಸಿಲಿಂಡರ್, ಮದುಮಗಳು, ಓಟಿನ ಪೆಟ್ಟಿಗೆ ಎಲ್ಲವೂ. ಭಾರದ ದೋಣಿಯನ್ನು ದಂಡೆಗೆ ಎಳೆಯಲು ನಾಲ್ಕು ಜನ ಸಾಲುವುದಿಲ್ಲ. ಆಗ ದಂಡೆಯಿಂದ ಒಂದು ಕೂಗು ಏಳುತ್ತಿತ್ತು: "ಹಗ್ಗಕ್ಕೆ ಬನ್ನೀ..." ಆ ಕೂಗು ಕೇಳಿದ ಮೇಲೆ ಮನೆಯಲ್ಲಿ ಕೂರುವಂತಿಲ್ಲ. ಮೀನು ಹೆಚ್ಚುತ್ತಿದ್ದವರು ಕತ್ತಿ ಬಿಟ್ಟು ಬರಬೇಕು, ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ಬರಬೇಕು. ಪಾದ್ರಿಗಳು ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಗ್ಗ ಹಿಡಿದದ್ದನ್ನು ನಾನೇ ನೋಡಿದ್ದೇನೆ. ನಮ್ಮ ಅಪ್ಪನಿಗೂ ಪಕ್ಕದ ಮನೆಯ ಕಾಂತಣ್ಣನಿಗೂ ಒಂದು ತೆಂಗಿನ ಮರದ ಗಡಿ ತಕರಾರಿನಲ್ಲಿ ಮಾತು ನಿಂತಿತ್ತು. ನಮ್ಮ ಮನೆಗೆ ಫ್ರಿಜ್ ಬಂದ ದಿನ ಕಾಂತಣ್ಣ ಬಂದು ಹಗ್ಗ ಎಳೆದು, ಅಪ್ಪನ ಮುಖ ನೋಡದೆ, ಮೈ ಒರೆಸಿಕೊಂಡು ವಾಪಸ್ ಹೋದರು. ಸಂಜೆ ಅಮ್ಮ ಆ ಫ್ರಿಜ್ಜಿನ ಮೊದಲ ಐಸ್ ನೀರನ್ನು ಅವರ ಮನೆಗೆ ಕಳಿಸಿದರು. ಅವರು ಕುಡಿದು, ಲೋಟ ತೊಳೆದು ಕಳಿಸಿದರು. ಮಾತು ಮಾತ್ರ ಆಡಲಿಲ್ಲ.

ಎಳೆಯುವುದಕ್ಕೂ ಒಂದು ಕ್ರಮ ಉಂಟು. ಅಲೆ ಬಂದಾಗ ದೋಣಿ ತುಸು ಎದ್ದು ಹಗುರಾಗುತ್ತದೆ, ಆಗ ಎಳೆಯಬೇಕು. ಅಲೆ ಹಿಂದೆ ಹೋದಾಗ ಎಳೆಯಬಾರದು, ಬಿಡಲೂಬಾರದು, ಸುಮ್ಮನೆ ಹಿಡಿದು ನಿಲ್ಲಬೇಕು. ಇದನ್ನು ಹೇಳಿಕೊಡಲು ಮುಂದೆ ಒಬ್ಬರು ನಿಂತಿರುತ್ತಾರೆ. ನಮ್ಮ ಕಾಲದಲ್ಲಿ ಅದು ಸೆರ್ಫಿನ್ ಮಾವ್ಶಿ. ಅವಳು "ಓ..." ಎಂದು ಎಳೆದರೆ ಹಿಡಿದು ನಿಲ್ಲಬೇಕು. "ಹಾಂ!" ಎಂದರೆ ಎಳೆಯಬೇಕು. ದೋಣಿ ಮೇಲೆ ಬಂದು ಕೂತ ಮೇಲೆ "ಜಾಲೆಂ!" ಎನ್ನುತ್ತಾಳೆ. ನಮ್ಮ ಕೊಂಕಣಿಯಲ್ಲಿ ಆಯಿತು ಎಂದು ಅರ್ಥ. ಅದನ್ನು ಕೇಳಿದ ಕ್ಷಣವೇ ಎಲ್ಲರೂ ಹಗ್ಗ ಬಿಟ್ಟು ಎರಡೂ ಕೈ ಮೇಲೆತ್ತಬೇಕು. ಯಾಕೆಂದರೆ ಹಗ್ಗದ ತುದಿಯನ್ನು ಆಗಲೇ ತೆಂಗಿನ ಬುಡಕ್ಕೆ ಸುತ್ತುತ್ತಾರೆ. ಕೈ ಬಿಡದವನ ಬೆರಳು ಹಗ್ಗಕ್ಕೂ ಮರಕ್ಕೂ ನಡುವೆ ಸಿಕ್ಕಿಕೊಂಡೀತು. ಹಿಂದೂ, ಕ್ರಿಸ್ತಿ, ಬ್ಯಾರಿ, ಯಾರೇ ಆಗಲಿ, ಕುದ್ರುವಿನಲ್ಲಿ ಬೆಳೆದವರಿಗೆ "ಜಾಲೆಂ" ಎಂದರೆ ತಲೆ ಯೋಚಿಸುವ ಮೊದಲೇ ಕೈ ಮೇಲೆ ಹೋಗುತ್ತದೆ.

ಹಿಲ್ಡಾ ಮಂಗಳೂರು ಪೇಟೆಯವಳು. ಮದುವೆಯಾಗಿ ಮೊದಲ ಸಲ ಕುದ್ರುವಿಗೆ ಬಂದ ದಿನವೇ ನೀರು ಇಳಿದಿತ್ತು, ದೋಣಿ ಕೆಸರಿನಲ್ಲಿ ಕೂತಿತು, ಕೂಗು ಎದ್ದಿತು. ಮದುಮಗನಾದ ನಾನೂ ಕೋಟು ಬಿಚ್ಚಿ ಹಗ್ಗಕ್ಕೆ ಹೋದೆ. ಅವಳು ಮಾತ್ರ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ರೇಷ್ಮೆ ಸೀರೆಯನ್ನು ಎತ್ತಿಕೊಂಡು, ದಂಡೆಯ ಮೇಲೆ ನಿಂತಳು. ನನ್ನ ಕೈ ಸೂಜಿ ಹಿಡಿಯುವ ಕೈ, ಇದನ್ನು ಮುಟ್ಟುವುದಿಲ್ಲ ಎಂದಳು. "ಇರ್ಲಿ ಪುತಾ, ಹಗ್ಗ ಎಲ್ಲಿಗೂ ಹೋಗುದಿಲ್ಲ" ಎಂದು ಮಾವ್ಶಿ ನಕ್ಕಳು. ಅಂದಿನಿಂದ ಹಿಲ್ಡಾಳ ಬಾಯಲ್ಲಿ ಅದು 'ನಿಮ್ಮ ಕುದ್ರು'. ನಿಮ್ಮ ಕುದ್ರುವಿನ ಸೊಳ್ಳೆ, ನಿಮ್ಮ ಕುದ್ರುವಿನ ವಾಸನೆ, ನಿಮ್ಮ ಕುದ್ರುವಿನ ಹಗ್ಗ.

ಅವಳಾದರೂ ಕುದ್ರು ಎನ್ನುತ್ತಿದ್ದಳು, ಹೊರಗಿನವರು ಆ ಮರ್ಯಾದೆಯನ್ನೂ ಕೊಡುತ್ತಿರಲಿಲ್ಲ. ಕುವೈತಿನಲ್ಲಿ ಊರಿನವರು ಸಿಕ್ಕಾಗ ಕೇಳುವ ಮೊದಲ ಪ್ರಶ್ನೆ, ಊರಲ್ಲಿ ಎಲ್ಲಿ ಎಂದು. ಮಡಲುಕುದ್ರು ಎನ್ನುತ್ತೇನೆ. ಅದೆಲ್ಲಿ? ಮೂಡುಕರೆಯ ಎದುರು, ಹೊಳೆ ದಾಟಬೇಕು. "ಹಾಗಾದ್ರೆ ಮೂಡುಕರೆ ಅಂತ ಹೇಳಿ ಮಾರಾಯ್ರೆ, ಸುಮ್ಮನೆ ಕನ್‌ಫ್ಯೂಸ್ ಮಾಡ್ತೀರಿ." ಪಾಸ್‌ಪೋರ್ಟಿನಲ್ಲೂ ಮೂಡುಕರೆ, ಯಾಕೆಂದರೆ ಅಂಚೆ ಕಚೇರಿ ಆ ದಂಡೆಯಲ್ಲಿದೆ. ನಗುತ್ತಾ ತಲೆಯಾಡಿಸುತ್ತೇನೆ, ಆದರೆ ನಿಜ ಹೇಳುತ್ತೇನೆ, ಒಳಗೆ ಉರಿಯುತ್ತದೆ. ಹುಟ್ಟಿದ ಊರಿನ ಹೆಸರನ್ನು ಹೇಳುವುದಕ್ಕೂ ಇನ್ನೊಂದು ಊರಿನ ಶಿಫಾರಸು ಬೇಕೇ?

ಇಲ್ಲಿ ನಮ್ಮ ಕರಾವಳಿಯವರ ಸಂಘವೊಂದಿದೆ. ಹೆಸರು ಬೇಡ, ಹೇಳಿದರೆ ಉಳಿದ ಸಂಘದವರು ಬೇಜಾರು ಮಾಡಿಕೊಳ್ಳುತ್ತಾರೆ. ಚಳಿಗಾಲದ ಒಂದು ಶುಕ್ರವಾರ ಪಾರ್ಕಿನಲ್ಲಿ ದಿನವಿಡೀ ಪಿಕ್ನಿಕ್, ಕೊನೆಗೆ ಊರೂರುಗಳ ನಡುವೆ ಹಗ್ಗ ಜಗ್ಗಾಟ. ಅಧ್ಯಕ್ಷರು ವಲೇರಿಯನ್ ಅಂಕಲ್, ಮೂಡುಕರೆಯವರು. ಒಳ್ಳೆಯ ಮನುಷ್ಯ, ಯಾರಿಗೆ ಕಾಯಿಲೆಯಾದರೂ ಮೊದಲು ಓಡುವವರು ಅವರೇ. ಆದರೆ ಮೂಡುಕರೆ ಎಂದರೆ ಎದೆ ಒಂದು ಗೇಣು ಮುಂದೆ ಬರುತ್ತದೆ. ನಮ್ಮ ಊರಿನದೂ ಒಂದು ತಂಡ ಬರೆದುಕೊಳ್ಳಿ ಎಂದು ಹೋದ ವರ್ಷ ಕೇಳಿದೆವು. ಅವರು ಕನ್ನಡಕ ಸರಿಮಾಡಿಕೊಂಡು, "ಕುದ್ರು ಎಲ್ಲಿ ಊರು ಮಾರಾಯ? ಅದು ನಮ್ಮ ಹೊಳೆ ನಡುವಿನ ತೋಟ ಅಲ್ವಾ? ನಮ್ಮ ಟೀಮಿಗೇ ಬನ್ನಿ" ಎಂದರು. ನಾವು ಒಪ್ಪಲಿಲ್ಲ. ಕೊನೆಗೆ ಬೋರ್ಡಿನಲ್ಲಿ ಎಲ್ಲ ಊರುಗಳ ಕೆಳಗೆ ನಮ್ಮನ್ನು ಬರೆದರು: 'ಇತರೆ'.

ಇತರೆ ತಂಡದಲ್ಲಿ ಯಾರಿದ್ದೆವು? ಚಿಕ್ಕಪ್ಪನ ಮಗ ಸಿಪ್ರಿ, ಕುವೈತ್ ಸಿಟಿಯ ಬ್ಯಾಂಕಿನಲ್ಲಿ ಕೆಲಸ, ಟೈ ಕಟ್ಟುವ ಗಿರಾಕಿ. ಮೀನಾ ಅಬ್ದುಲ್ಲಾದಲ್ಲಿ ಕಾಂಟ್ರಾಕ್ಟ್ ಕೆಲಸ ಮಾಡುವ ಸುರೇಶ, ಆ ಮಾತು ಬಿಟ್ಟ ಕಾಂತಣ್ಣನ ಮಗ. ಅಂಗಡಿಯ ಹಮೀದಾಕ, ಅವನ ತಂದೆಯೇ ನಮ್ಮ ಕಡವಿನ ದೋಣಿ ನಡೆಸುತ್ತಿದ್ದವರು. ಇನ್ನು ಉಳಿದವರು ಕುದ್ರುವಿನ ನೆಂಟರು, ಅಳಿಯಂದಿರು. ನಾನು ಹಗ್ಗದ ಕೊನೆಯಲ್ಲಿ. ಕೊನೆಯವನು ಹಗ್ಗವನ್ನು ಹೆಗಲ ಮೇಲಿಂದ ಬೆನ್ನಿಗೆ ಸುತ್ತಿಕೊಂಡು ಲಂಗರಿನ ಹಾಗೆ ಕೂರಬೇಕು. ಅದಕ್ಕೆ ಶಕ್ತಿ ಬೇಡ, ತೂಕ ಸಾಕು ಎಂದು ಎಲ್ಲರೂ ಒಮ್ಮತದಿಂದ ನನ್ನನ್ನು ಆರಿಸಿದ್ದರು.

ಮೊದಲ ಸುತ್ತೇ ಮೂಡುಕರೆಯ ಎದುರು. ಸಿಪ್ರಿ ಮುಂದೆ ನಿಂತು ಕೂಗಿದ. ಓ... ಹಿಡಿದೆವು. ಅವರು ಎಳೆದು ಎಳೆದು ಉಸಿರು ಬಿಟ್ಟಾಗ, ಹಾಂ! ಎಳೆದೆವು. ಅಲೆ ಇಲ್ಲದ ಪಾರ್ಕಿನಲ್ಲಿ ನಾವು ಅವರ ಉಸಿರನ್ನೇ ಅಲೆ ಮಾಡಿಕೊಂಡಿದ್ದೆವು. ಹಗ್ಗದ ನಡುವಿನ ಕೆಂಪು ಬಟ್ಟೆ ನಮ್ಮ ಗೆರೆಯ ಹತ್ತಿರ ಬಂತು, ಇನ್ನೊಂದು ಗೇಣು ಬಾಕಿ. ಸಿಪ್ರಿಗೆ ಆ ಸಂತೋಷ ತಡೆಯಲಾಗಲಿಲ್ಲ. ಬಾಯಿಬಿಟ್ಟು ಕೂಗಿಯೇಬಿಟ್ಟ: "ಜಾಲೆಂ!"

ಅಷ್ಟೇ. ಬೆನ್ನಿನ ಸುತ್ತನ್ನು ಬಿಚ್ಚಿ ಎಸೆದು ನಾನೂ, ನನ್ನ ಮುಂದಿನ ಎಲ್ಲರೂ ಹಗ್ಗ ಬಿಟ್ಟು ಎರಡೂ ಕೈ ಮೇಲೆತ್ತಿ ನಿಂತೆವು. ಎದುರಿನವರು ಒಬ್ಬರ ಮೇಲೊಬ್ಬರು ಹಿಂದಕ್ಕೆ ಬಿದ್ದರು. ಬಿದ್ದರೂ ಹಗ್ಗ ಅವರ ಕಡೆ ಹೋಯಿತು, ಗೆದ್ದರು. ಆ ಗಳಿಗೆಯಲ್ಲಿ ಯಾರೋ ಫೋಟೋ ತೆಗೆದರು. ಸೋತ ತಂಡ ಕೈ ಮೇಲೆತ್ತಿ ಆಕಾಶ ನೋಡುತ್ತಿದೆ, ಗೆದ್ದ ತಂಡ ನೆಲದಲ್ಲಿ ಬಿದ್ದಿದೆ. ಸಂಜೆಯೊಳಗೆ ಅದು ವಾಟ್ಸಾಪ್ ಸ್ಟಿಕ್ಕರ್ ಆಯಿತು. ಯಾರಿಗಾದರೂ ಕೆಲಸ ಅರ್ಧಕ್ಕೆ ಬಿಟ್ಟೆ ಎಂದು ಹೇಳಬೇಕಾದರೆ ನಮ್ಮ ಸ್ಟಿಕ್ಕರ್ ಕಳಿಸುತ್ತಿದ್ದರು. ವಲೇರಿಯನ್ ಅಂಕಲ್ ಮೈಕಿನಲ್ಲಿ ನಗುತ್ತಾ, "ಇತರೆಯವರು ಗೆದ್ದ ದಿವಸ ಅವರ ಊರಿನ ಹೆಸರು ಇದೇ ಮೈಕಲ್ಲಿ ನಾನೇ ಹೇಳ್ತೇನೆ, ಪ್ರಾಮಿಸ್!" ಎಂದರು. ಪಾರ್ಕೆಲ್ಲ ನಕ್ಕಿತು.

ಊರಿನಲ್ಲಿ ಮಾವ್ಶಿ ಫೋನಿನಲ್ಲಿ ಇದನ್ನೆಲ್ಲ ನೇರವಾಗಿ ನೋಡುತ್ತಿದ್ದಳು. ಮರುದಿನ ಕರೆ ಮಾಡಿ ಸೋಲಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಪುತಾ, ಮೈಕಲ್ಲಿ ಎಲ್ಲ ಊರಿನ ಹೆಸರು ಹೇಳಿದ್ರು. ನಮ್ಮದು ಹೇಳ್ಳಿಕ್ಕೆ ಮರ್ತು ಹೋಯ್ತಾ?" ಎಂದಳು. ಹೌದು ಮಾವ್ಶಿ, ಮರೆತರು ಎಂದೆ. ಇತರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಫೋನ್ ಇಟ್ಟ ಮೇಲೆ ಹಿಲ್ಡಾ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದಳು.

ಈ ವರ್ಷ ಅಭ್ಯಾಸ ಮಾಡದೆ ಹೋಗುವುದಿಲ್ಲ ಎಂದು ತೀರ್ಮಾನಿಸಿದೆವು. ಸುರೇಶನ ಕ್ಯಾಂಪಿನಾಚೆ ಮೀನಾ ಅಬ್ದುಲ್ಲಾದ ಖಾಲಿ ಮರಳಿನಲ್ಲಿ ಹಳೆಯ ಟಯರುಗಳನ್ನು ಒಟ್ಟು ಕಟ್ಟಿ ಎಳೆಯುವುದು. ಹಗ್ಗ ಬಾಲ್ಕನಿಯದ್ದೇ. ಬಿಗಿದ ತುಂಡಿನ ಜೊತೆ ಮೂಲೆಯಲ್ಲಿ ಸುತ್ತಿಟ್ಟ ಉಳಿದ ಸುರುಳಿಯನ್ನೂ ಬಿಚ್ಚಿಕೊಂಡು ಹೋದೆವು. ಕಾರು ಓಡಿಸಬೇಕಾದ್ದರಿಂದ ಹಿಲ್ಡಾ ಬಂದಳು. ಬಂದವಳು ಕಾರಿನಲ್ಲೇ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದಳು.

ಅಷ್ಟರಲ್ಲಿ ದೂರದಿಂದ ದಿಶ್ದಾಶಾ ನಿಲುವಂಗಿಯನ್ನು ಎತ್ತಿಕೊಂಡು ಒಬ್ಬ ಕುವೈತಿ ಯುವಕ ಓಡಿ ಬಂದ. "ತಆಲ್! ತಆಲ್!" ಎಂದು ಕೈ ಬೀಸಿ ಕರೆದ. ಟೆಂಟು ಹಾಕಲು ಬಂದವನ ಜೀಪು ಮೆತ್ತನೆಯ ಮರಳಿನಲ್ಲಿ ಹೂತುಹೋಗಿತ್ತು. ಹಗ್ಗ ಹಿಡಿದ ಅಷ್ಟು ಜನರನ್ನು ಕಂಡು ಅವನಿಗೆ ದೇವರೇ ಕಳಿಸಿದಂತಾಗಿತ್ತು. ಹಗ್ಗ ಕಟ್ಟಿದೆವು. ಅವನು ಆಕ್ಸಿಲರೇಟರ್ ಒತ್ತಿದಾಗ ಜೀಪು ತುಸು ಮುಂದೆ ಬರುವುದು, ಮತ್ತೆ ಹಿಂದಕ್ಕೆ ಕೂರುವುದು. ಸಿಪ್ರಿ ಕೂಗಿದ, ಎಳೆದೆವು. ಮುಂದಿನ ಚಕ್ರಗಳು ಗುಂಡಿಯಿಂದ ಮೇಲೆದ್ದವು. ಸಿಪ್ರಿ ಮತ್ತೆ ಆ ಶಬ್ದ ಕೂಗಿದ. ನಾವು ಮತ್ತೆ ಕೈ ಎತ್ತಿದೆವು. ಜೀಪು ಮೊದಲಿಗಿಂತ ಆಳಕ್ಕೆ ಹೋಗಿ ಕೂತಿತು.

ಯುವಕ ಕೆಳಗಿಳಿದು, ಸಾಲಾಗಿ ಕೈ ಮೇಲೆತ್ತಿ ನಿಂತ ನಮ್ಮನ್ನು ನೋಡಿ ಗಾಬರಿಯಾದ. ಹಮೀದಾಕನಿಗೆ ಅರಬಿಯಲ್ಲಿ ಏನೋ ಹೇಳಿದ. "ಎಂತ ಹೇಳ್ತಾನೆ?" ಎಂದೆ. "ನಾನು ಪೊಲೀಸ್ ಅಲ್ಲ, ಕೈ ಕೆಳಗೆ ಹಾಕಿ ಅಂತ ಹೇಳ್ತಾನೆ" ಎಂದ ಹಮೀದಾಕ.

ಕಾರಿನ ಬಾಗಿಲು ದಡಾರನೆ ಬಿತ್ತು. ಹಿಲ್ಡಾ ಬರುತ್ತಿದ್ದಳು. ಆ ನಡಿಗೆಯನ್ನು ನಾನು ಬಲ್ಲೆ. ಅವಳು ಹಾಗೆ ಬಂದರೆ ಡಾಕ್ಟರುಗಳೂ ಕುರ್ಚಿಯಿಂದ ಏಳುತ್ತಾರಂತೆ. "ಸಿಪ್ರಿ, ನೀವು ಹಿಂದೆ ಹೋಗಿ ಹಗ್ಗ ಹಿಡೀರಿ. ಮಗುವಿನ ತಲೆ ಕಂಡ ಕೂಡ್ಲೇ ಆಯ್ತು ಅಂತ ಕೈ ಎತ್ತುವ ನರ್ಸ್ ಎಲ್ಲಾದ್ರೂ ಉಂಟಾ?" ಎಂದಳು. ಸಿಪ್ರಿ ತೆಪ್ಪಗೆ ಹಿಂದೆ ಹೋದ.

ಅವಳು ಜೀಪಿನ ಚಕ್ರದ ಮೇಲೆ ಕಣ್ಣಿಟ್ಟು ನಿಂತಳು. "ಈಗ ಹಿಡ್ಕೊಳ್ಳಿ. ಎಳಿಬೇಡಿ. ಹಿಡ್ಕೊಳ್ಳಿ, ಹಿಡ್ಕೊಳ್ಳಿ... ಬಂತು, ಈಗ!" ಎಳೆದೆವು. "ಸಾಕು, ಉಸಿರು ತಗೊಳ್ಳಿ. ಬಿಡ್ಬೇಡಿ. ಇನ್ನೊಂದು ಬರ್ತದೆ..." ಮೂರನೆಯದೋ ನಾಲ್ಕನೆಯದೋ ಎಳೆತಕ್ಕೆ ಜೀಪು ಗಟ್ಟಿ ನೆಲಕ್ಕೆ ಬಂದು ನಿಂತಿತು. ಆಮೇಲೂ ಅವಳು ನಮ್ಮನ್ನು ಬಿಡಲಿಲ್ಲ. ಹಿಂದಿನ ಚಕ್ರಗಳನ್ನು ಸುತ್ತು ಬಂದು ನೋಡಿದಳು. ಗಂಟಲು ಸರಿಮಾಡಿಕೊಂಡು, ತನ್ನ ಜನ್ಮದಲ್ಲಿ ಮೊದಲ ಬಾರಿಗೆ ಕುದ್ರುವಿನ ಹಗ್ಗದ ಕೂಗು ಹಾಕಿದಳು: "ಹಾಂ, ಈಗ ಜಾಲೆಂ." ನಾವು ಕೈ ಎತ್ತಿದೆವು. ಈ ಸಲ ಯುವಕನೂ ಮಾಶಾ ಅಲ್ಲಾ ಎನ್ನುತ್ತಾ ಕೈ ಎತ್ತಿದ. ನಮಗೆಲ್ಲ ಖರ್ಜೂರ ಹಂಚಿ, ಮೇಡಂಗೆ ಮಾತ್ರ ಇಡೀ ಪೆಟ್ಟಿಗೆ ಕೊಟ್ಟ.

ವಾಪಸ್ ಬರುವಾಗ ಕಾರಿನಲ್ಲಿ ಅವಳು ತಾನಾಗಿಯೇ, "ನೋವು ಬಂದಾಗ ಒತ್ಬೇಕು, ಹೋದಾಗ ಕಾಯ್ಬೇಕು. ಇಷ್ಟು ವರ್ಷ ನಾನು ಹೆಂಗಸರಿಗೆ ಹೇಳಿದ್ದು ಇದೇ ಅಲ್ವಾ? ಮಾವ್ಶಿ ದೋಣಿಗೆ ಹೇಳ್ತಾರೆ, ಅಷ್ಟೇ. ನೀವು ಯಾಕೆ ನನಗೆ ಮೊದ್ಲೇ ಹೇಳ್ಲಿಲ್ಲ?" ಎಂದಳು. ನಾನು ಹೇಳಿದ್ದೆ. ಅವಳು ಆಗ ಸೀರೆ ಎತ್ತಿಕೊಂಡು ದಂಡೆಯಲ್ಲಿ ನಿಂತಿದ್ದಳು. ಆದರೆ ಕಾರು ಓಡಿಸುತ್ತಿರುವವರ ಜೊತೆ ವಾದ ಮಾಡಬಾರದೆಂದು ಸುಮ್ಮನಿದ್ದೆ.

ಆ ರಾತ್ರಿ ಊಟದ ಹೊತ್ತಿಗೆ ಮಾವ್ಶಿಗೆ ವಿಡಿಯೋ ಕರೆ ಹೋಯಿತು. "ಓ..." ಎಷ್ಟು ಎಳೆಯಬೇಕು, "ಹಾಂ" ಎಲ್ಲಿಂದ ಬರಬೇಕು ಎಂದು ಹಿಲ್ಡಾ ಕಲಿತಳು. "ಹೊಟ್ಟೆಯಿಂದ ಬರ್ಲಿ, ಗಂಟಲಿಂದ ಬೇಡ" ಎಂದು ಮಾವ್ಶಿ. ಪಕ್ಕದ ಫ್ಲ್ಯಾಟಿನವರು ಗೋಡೆ ತಟ್ಟಿದರು. ಮಾವ್ಶಿ ಕೊನೆಗೆ ಒಂದೇ ಮಾತು ಹೇಳಿದಳು: "ಮಗಾ, ಬಿಡುದು ನಿನ್ನ ಕೈಯಲ್ಲಿ ಉಂಟು. ಯಾರು ಹೇಳಿದ್ರೂ ಅವರು ಬಿಡ್ಬಾರ್ದು. ನೀನು ಹೇಳುವ ತನಕ."

ಪಿಕ್ನಿಕ್ಕಿನ ಶುಕ್ರವಾರ ಬಂತು. ಬೋರ್ಡಿನಲ್ಲಿ ಮತ್ತೆ ಕೊನೆಯ ಸಾಲಿನಲ್ಲಿ ಇತರೆ. ನಾವು ಮೈದಾನಕ್ಕೆ ಇಳಿದಾಗ ಆಚೆ ಈಚೆ ಕೂತವರು ಎರಡೂ ಕೈ ಮೇಲೆತ್ತಿ ಸ್ವಾಗತ ಮಾಡಿದರು. ಸ್ಟಿಕ್ಕರಿನ ಪ್ರಭಾವ. ಮೊದಲ ತಂಡ ನಗುತ್ತಲೇ ಹಗ್ಗ ಹಿಡಿದು, ನಗು ಮುಗಿಯುವ ಮೊದಲೇ ನಮ್ಮ ಎಳೆತಕ್ಕೆ ಗೆರೆ ದಾಟಿತ್ತು. ಎರಡನೆಯ ತಂಡ ನಗಲಿಲ್ಲ, ಆದರೂ ದಾಟಿತು. ಬಿರಿಯಾನಿಯ ಸಾಲಿನಲ್ಲಿ ನಿಂತವರು ತಟ್ಟೆ ಸಮೇತ ಈ ಕಡೆ ಬಂದರು. ಕೊನೆಗೆ ಫೈನಲಿನಲ್ಲಿ ಉಳಿದದ್ದು ಎರಡೇ, ಮೂಡುಕರೆ ಮತ್ತು ಇತರೆ.

ಮೂಡುಕರೆಯ ಕೊನೆಯ ಜಾಗಕ್ಕೆ ಸ್ವತಃ ವಲೇರಿಯನ್ ಅಂಕಲ್ ಬಂದರು. ಊರಿನ ಮಾನದ ಪ್ರಶ್ನೆ ಬಂದಾಗ ಅಧ್ಯಕ್ಷರು ಕೂರುವುದುಂಟೇ? ಅವರೂ ನನ್ನಂತೆಯೇ ಗಟ್ಟಿಮುಟ್ಟು, ನನಗಿಂತ ಒಂದು ಸುತ್ತು ಹೆಚ್ಚೇ. ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಹಗ್ಗವನ್ನು ಹೆಗಲ ಮೇಲಿಂದ ಎರಡು ಸಲ ಬಿಗಿಯಾಗಿ ಸುತ್ತಿಕೊಂಡು, ನನ್ನ ಕಡೆ ನೋಡಿ, "ಲಾದ್ರು, ಈ ಸಲ ಕೈ ಎತ್ತುದು ಯಾವಾಗ?" ಎಂದು ಕಣ್ಣು ಮಿಟುಕಿಸಿದರು.

ಸೀಟಿ ಬಿತ್ತು. ಅವರು ಎಳೆದ ಎಳೆತಕ್ಕೆ ನನ್ನ ಹಿಮ್ಮಡಿ ಹುಲ್ಲಿನಲ್ಲಿ ಗೀರು ಹಾಕಿತು. ಕೆಂಪು ಬಟ್ಟೆ ಅವರ ಕಡೆ ಸರಿಯಿತು, ಇನ್ನೂ ಸರಿಯಿತು. ಮತ್ತೆ ಇತರೆ, ಮತ್ತೆ ಸ್ಟಿಕ್ಕರ್, ಮತ್ತೆ ಮಾವ್ಶಿಗೆ ಸುಳ್ಳು. ಹಿಲ್ಡಾ ಅಲುಗಾಡಲಿಲ್ಲ. "ಓ..." ಎಂದು ಅವಳ ಸ್ವರ ಪಾರ್ಕಿನ ಮೇಲೆ ಉದ್ದಕ್ಕೆ ಹೋಯಿತು. ಹೊಟ್ಟೆಯಿಂದಲೇ ಬಂದ ಸ್ವರ. ನಾವು ಹಿಡಿದು ನಿಂತೆವು. ಅವಳು ನಮ್ಮನ್ನು ನೋಡುತ್ತಲೇ ಇರಲಿಲ್ಲ. ಎದುರಿನವರ ಹೆಗಲುಗಳನ್ನೇ ನೋಡುತ್ತಿದ್ದಳು. ಆ ಹೆಗಲುಗಳು ಒಮ್ಮೆ ಕೆಳಗಿಳಿದವು.

"ಹಾಂ!"

ನನ್ನ ಮುಂದಿದ್ದ ಸುರೇಶನ ಬೆನ್ನು ಬಿಲ್ಲಿನಂತೆ ಬಾಗಿತು. ಅವನ ಅಪ್ಪ ನಮ್ಮ ಫ್ರಿಜ್ ಎಳೆದಾಗಲೂ ಬೆನ್ನು ಹೀಗೆಯೇ ಬಾಗಿತ್ತು. ಓ... ಹಾಂ! ಓ... ಹಾಂ! ನಾನು ಮೈದಾನ್ ಹವಲ್ಲಿ, ಆಫೀಸು, ಇಲ್ಲಿರಲು ಬೇಕಾದ ಇಕಾಮಾ ಚೀಟಿ ಎಲ್ಲ ಮರೆತೆ. ಮೂಗಿಗೆ ತೆಂಗಿನ ಸಿಪ್ಪೆ ಹೊಂಡದ ವಾಸನೆ ಬಂದಂತಾಯಿತು. ಕೆಂಪು ಬಟ್ಟೆ ನಡುಗೆರೆಗೆ ಬಂತು, ನಮ್ಮ ಬದಿಗೆ ಬಂತು, ನಮ್ಮ ಗೆರೆ ದಾಟಿತು. ಉದ್ದದ ಸೀಟಿ. ಜನ ಕುಣಿದರು, ಯಾರದೋ ಬಿರಿಯಾನಿ ಯಾರದೋ ತಲೆಯ ಮೇಲೆ ಬಿತ್ತು. ಮೂಡುಕರೆಯ ಮುಂದಿನವರೆಲ್ಲ ಹಗ್ಗ ಬಿಟ್ಟು ಹುಲ್ಲಿನ ಮೇಲೆ ಕೂತರು.

ನಾವು ಬಿಡಲಿಲ್ಲ. ನಮಗೆ ಸೀಟಿಯ ಲೆಕ್ಕವಿಲ್ಲ. ಜಾಲೆಂ ಬಂದಿರಲಿಲ್ಲ.

ಬಿಗಿದ ಹಗ್ಗದ ಆ ತುದಿಯಲ್ಲಿ ಉಳಿದವರು ವಲೇರಿಯನ್ ಅಂಕಲ್ ಒಬ್ಬರೇ. ಹೆಗಲಿನ ಸುತ್ತು ಬಿಚ್ಚಲಾಗದೆ ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದರು. "ಬಿಡಿ ಮಾರಾಯ್ರೆ, ಆಯ್ತಲ್ಲ! ಖಲಾಸ್! ಗೆದ್ರಿ!" ಎಂದರು. ನಾವು ಹಿಲ್ಡಾಳನ್ನು ನೋಡಿದೆವು. ಮೊದಲು ಅವಳಿಗೂ ಮರೆತುಹೋಗಿತ್ತೆಂದು ಕಾಣುತ್ತದೆ, ಅಳುತ್ತಾ ನಗುತ್ತಿದ್ದಳು. ಜಾಲೆಂ ಎನ್ನಲು ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಮುಖದಲ್ಲಿ ವಾರ್ಡ್ ಸಿಸ್ಟರ್ ವಾಪಸ್ ಬಂದಳು. "ಓ... ಹಿಡ್ಕೊಳ್ಳಿ" ಎಂದು ನಮಗೆ ಹೇಳಿ, ನೆಟ್ಟಗೆ ನಡೆದು ಸ್ಟ್ಯಾಂಡಿನಿಂದ ಮೈಕ್ ಕಿತ್ತುಕೊಂಡು, ಅಂಕಲ್ ಎದುರು ಮಂಡಿಯೂರಿ ಕೂತಳು.

"ಅಂಕಲ್, ಹೋದ ವರ್ಷ ಒಂದು ಪ್ರಾಮಿಸ್ ಮಾಡಿದ್ರಿ."

"ಮಾಡಿದ್ದೆ, ಮಾಡಿದ್ದೆ. ಮೊದ್ಲು ಬಿಡಿಸಮ್ಮ."

"ಮೊದ್ಲು ನಮ್ಮ ಊರಿನ ಹೆಸರು ಹೇಳಿ."

ನಮ್ಮ ಊರು ಎಂದಳು. ನನ್ನ ಕೈಯಲ್ಲಿ ಹಗ್ಗವಿರದಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ.

ಸಿಪ್ರಿಯ ಮಗಳು ಫೋನನ್ನು ಎತ್ತಿ ಹಿಡಿದಿದ್ದಳು. ಅದರೊಳಗೆ ಕುದ್ರುವಿನ ಬಾವಿಕಟ್ಟೆಯಲ್ಲಿ ಕೂತ ಸೆರ್ಫಿನ್ ಮಾವ್ಶಿ, ಅವಳ ಹಿಂದೆ ಕೊಡ ಹಿಡಿದವರು, ಕೋಲೂರಿ ನಿಂತ ಕಾಂತಣ್ಣ. ವಲೇರಿಯನ್ ಅಂಕಲ್ ನಮ್ಮನ್ನು ನೋಡಿದರು, ಬೋರ್ಡನ್ನು ನೋಡಿದರು. ಒಮ್ಮೆ ಜೋರಾಗಿ ನಕ್ಕರು. ಅದು ಹೋದ ವರ್ಷದ ನಗುವಾಗಿರಲಿಲ್ಲ. ನೆಲದಲ್ಲಿ ಕೂತಲ್ಲೇ ಮೈಕಿಗೆ ಬಾಯಿಟ್ಟು, ಇಗರ್ಜಿಯ ಗಂಟೆ ಹೊಡೆದ ಹಾಗೆ ಕೂಗಿದರು:

"ಈ ವರ್ಷದ ಚಾಂಪಿಯನ್... ಮಡಲುಕುದ್ರು! ಇತರೆ ಅಲ್ಲ, ಕೇಳಿತಾ ಎಲ್ರಿಗೂ? ಮಡಲುಕುದ್ರು!"

ಹಿಲ್ಡಾ ಎದ್ದು ನಿಂತಳು. ನಮ್ಮ ಕಡೆ ತಿರುಗಿದಳು.

"ಜಾಲೆಂ!"

ಹಗ್ಗ ಬಿಟ್ಟು ನಾವೆಲ್ಲ ಎರಡೂ ಕೈ ಮೇಲೆತ್ತಿದೆವು.